ಮಲ್ಲೇಶ್ವರದ ಬಾಡಿಗೆಮನೆಗಳ ನಡುವೆ

ಬೆಂಗಳೂರಿನ ಹಳೆಯ ಪೇಟೆಗೆ ವಾಯವ್ಯದಲ್ಲಿರುವ ಮಲ್ಲೇಶ್ವರವನ್ನು ಕೇಳರಿಯದ ಕನ್ನಡಿಗರು ವಿರಳ. ೧೮೯೮ರಲ್ಲಿ ಪ್ಲೇಗು ಮಹಾಮಾರಿಯು ಪೇಟೆಯನ್ನು ಹೊಕ್ಕು ಇಕ್ಕಟ್ಟಾದ ಓಣಿಗಳ ಜನರನ್ನು ಕಂಗೆಡಿಸಿದಾಗ, ಗಾಳಿ ಬೆಳಕುಗಳಿಗೆ ಎಡೆಯುಳ್ಳ ಬಡಾವಣೆಗಳು ಅತ್ಯವಶ್ಯವೆಂಬುದು ಎಲ್ಲರಿಗೂ ಮನದಟ್ಟಾಯಿತು. ಹೀಗೆ ಪೇಟೆಯ ಒಂದು ಮಗ್ಗುಲಲ್ಲಿ ಮಲ್ಲೇಶ್ವರವೂ ಇನ್ನೊಂದು ಮಗ್ಗುಲಲ್ಲಿ ಬಸವನಗುಡಿಯೂ ಬೆಳೆದವು. ನೇರವಾದ ರಸ್ತೆಗಳು, ಅವಕ್ಕೆ ಅಡ್ಡರಸ್ತೆಗಳು, ಮನೆಗಳ ಬೆನ್ನಿಗೆ ಕಸ ಸಾಗಿಸಲು ಬಿಟ್ಟ ಕಿರುಗಲ್ಲಿಗಳು, ಸಂಪಿಗೆ ಬೇವುಗಳ ಹೆಸರನ್ನು ಹೊತ್ತ ಬೀದಿಗಳು, ಇವೆಲ್ಲ ಆ ಕಾಲದ ವಿವೇಕವನ್ನು ಇಂದಿಗೂ ಸಾರುತ್ತಿವೆ. ಊರಿಗೆ ಹೆಸರನ್ನಿತ್ತ ಕಾಡು ಮಲ್ಲೇಶ್ವರಸ್ವಾಮಿಯ ಗುಡಿಯಾದರೋ ಬಡಾವಣೆಗಿಂತ ಎರಡು ಶತಮಾನಗಳಷ್ಟು ಹಿಂದಿನದು.

ಪ್ರವಾಸಿಗಳು ಇಲ್ಲಿಗೆ ದೇವರ ದರ್ಶನಕ್ಕೆಂದೋ, ಎಂಟನೆಯ ಅಡ್ಡರಸ್ತೆಯ ಹೂವು ಹಣ್ಣುಗಳಿಗೆಂದೋ, ಸ್ಯಾಂಕಿ ಕೆರೆಯ ತಂಗಾಳಿಗೆಂದೋ ಬರುವುದುಂಟು. ಕಳೆದ ವೈಶಾಖದಲ್ಲಿ ನಾವು ಹೋದದ್ದು ಬೇರೊಂದು ಕುತೂಹಲದಿಂದ. ನಮ್ಮ ಬಂಧುಗಳಲ್ಲಿಯೇ ಹಲವರು ಮಕ್ಕಳ ಜೊತೆಗೆ ಪರದೇಶದಲ್ಲಿ ನೆಲಸಿ, ಊರಿನ ಮನೆಯನ್ನು ಬಾಡಿಗೆಗೆ ಬಿಟ್ಟಿದ್ದಾರೆ. ಆ ಮನೆಗಳನ್ನು ನೋಡಿಕೊಳ್ಳುವವರು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಕಣ್ಣಾರೆ ಕಾಣಬೇಕೆಂದು ನಮಗೆ ಬಹುದಿನದ ಆಸೆ. ಇದನ್ನೇ ಉದ್ಯೋಗ ಮಾಡಿಕೊಂಡಿರುವ ಮಿತ್ರರೊಬ್ಬರು ತಮ್ಮ ಸಂಗಡ ಎರಡು ದಿನ ತಿರುಗಾಡಲು ನಮ್ಮನ್ನು ಕರೆದರು.

ಹಿಂದೆ ಈ ಉದ್ಯೋಗಕ್ಕೆ ಎಡೆಯೇ ಇರಲಿಲ್ಲ. ಮುಂದಿನ ಮನೆಯಲ್ಲಿ ಮಾಲೀಕರು, ಹಿಂದಿನ ವಠಾರದಲ್ಲಿ ಸಾಲಾಗಿ ಬಾಡಿಗೆದಾರರು, ನಡುವೆ ಎಲ್ಲರಿಗೂ ಒಂದೇ ಕೊಳಾಯಿ. ಹೆಂಚು ಜಾರಿದರೂ, ಬಾಡಿಗೆ ತಡವಾದರೂ, ಮಗುವಿಗೆ ಜ್ವರ ಬಂದರೂ ಮಾಲೀಕರಿಗೆ ಸಂಜೆಯೊಳಗೆ ತಿಳಿಯುತ್ತಿತ್ತು. ಜಗಳವೂ ದಾಕ್ಷಿಣ್ಯವೂ ಮುಖಾಮುಖಿಯಾಗಿಯೇ ನಡೆಯುತ್ತಿದ್ದವು. ಇಂದು ಮಾಲೀಕರು ಅಮೇರಿಕದಲ್ಲಿರುತ್ತಾರೆ, ಸಿಂಗಪುರದಲ್ಲಿರುತ್ತಾರೆ. ಅವರು ಮನೆಯನ್ನು ನೋಡುವುದು ಮಧ್ಯಸ್ಥನ ಕಣ್ಣಿನಿಂದ. ಆ ಕಣ್ಣು ಸುಳ್ಳು ಹೇಳಿದರೆ ಮನೆ ಕೆಡುತ್ತದೆ.

ಮೊದಲ ದಿನ ಬೆಳಿಗ್ಗೆ ಏಳು ಗಂಟೆಗೇ ಮಿತ್ರರು ಬೀಗದಕೈಗಳ ದೊಡ್ಡ ಗೊಂಚಲೊಂದನ್ನು ಹಿಡಿದು ಹೊರಟರು. ಮೊದಲು ಹೊಕ್ಕದ್ದು ಬಾಡಿಗೆದಾರರು ತೆರವು ಮಾಡಿದ್ದ ಒಂದು ಮಹಡಿಮನೆ. ಒಳಗೆ ಕಾಲಿಟ್ಟೊಡನೆ ಕಿಟಕಿಗಳನ್ನೆಲ್ಲ ತೆರೆದು, ಪ್ರತಿಯೊಂದು ನಲ್ಲಿಯನ್ನೂ ತಿರುಗಿಸಿ ಐದು ನಿಮಿಷ ನೀರು ಹರಿಯಬಿಟ್ಟರು. ಬಳಸದೆ ಬಿಟ್ಟ ಬಚ್ಚಲಿನ ಕೊಳವೆಯ ಬಾಗಿನಲ್ಲಿ ನಿಂತ ನೀರು ಒಣಗಿಹೋದರೆ ಚರಂಡಿಯ ದುರ್ಗಂಧವೂ ಜಿರಳೆಗಳೂ ಮನೆಯೊಳಕ್ಕೆ ಬರುವುವಂತೆ. ಬಳಿಕ ವಿದ್ಯುತ್ತಿನ ಮೀಟರಿನ ಅಂಕೆಯನ್ನೂ ಗೋಡೆಯ ಬಿರುಕುಗಳನ್ನೂ ಚಿತ್ರ ತೆಗೆದುಕೊಂಡರು. ಬಿರುಕಿನ ತುದಿಯಲ್ಲಿ ಪೆನ್ಸಿಲಿನಿಂದ ತಾರೀಖನ್ನು ಬರೆಯುವುದು ಅವರ ರೂಢಿ. ಮುಂದಿನ ಬಾರಿ ಬಿರುಕು ಗುರುತನ್ನು ದಾಟಿದ್ದರೆ ಇಂಜಿನಿಯರನ್ನು ಕರೆಯಬೇಕು. ದಾಟದಿದ್ದರೆ ಸುಣ್ಣ ಬಳಿದರೆ ಸಾಕು.

ಮನೆಯನ್ನು ಒಪ್ಪಿಸುವಾಗಲೂ ಮರಳಿ ಪಡೆಯುವಾಗಲೂ ಫ್ಯಾನುಗಳೆಷ್ಟು, ಬೀಗದಕೈಗಳೆಷ್ಟು, ಯಾವ ಬಾಗಿಲಿಗೆ ಗೀರು ಬಿದ್ದಿದೆ ಎಂಬ ಪಟ್ಟಿಗೆ ಎರಡು ಕಡೆಯವರ ಸಹಿಯನ್ನೂ ಅವರು ಪಡೆಯುತ್ತಾರೆ. ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಪದ್ಧತಿ ಬೇರೂರಿದೆ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅದರಲ್ಲಿ ಹಿಡಿದುಕೊಳ್ಳುವುದೂ ವಾಡಿಕೆ. ಈ ಹಣ ಹಿಂದಿರುಗುವ ದಿನ ಹುಟ್ಟುವಷ್ಟು ಮನಸ್ತಾಪ ಬೇರಾವ ದಿನವೂ ಹುಟ್ಟದು. “ಮುಂಗಡವು ಮಾಲೀಕರ ಆದಾಯವಲ್ಲ, ಅವರ ಸಾಲ ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಖರ್ಚು ಮಾಡಿಕೊಂಡವರು ಕೊನೆಗೆ ಗೋಡೆಯಲ್ಲಿ ತಪ್ಪು ಹುಡುಕುತ್ತಾರೆ” ಎಂದರು ಮಿತ್ರರು.

ಅಲ್ಲಿಂದ ಮುಂದೆ ನಾವು ಕಂಡದ್ದು ಈ ಪ್ರವಾಸದಲ್ಲಿ ನಮ್ಮ ಮನಸ್ಸನ್ನು ಅತಿಯಾಗಿ ಸೆಳೆದ ಮನೆ. ಕಲ್ಲುಚಪ್ಪಡಿಯ ಜಗಲಿ, ಕಾವಿಬಣ್ಣದ ನುಣುಪಾದ ನೆಲ, ಹಿತ್ತಿಲಲ್ಲಿ ಮಾವಿನ ಮರ, ಮೇಲೆ ಮದ್ರಾಸು ತಾರಸಿ. ತೇಗದ ಜಂತಿಗಳ ಮೇಲೆ ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ನಿಲ್ಲಿಸಿ ಕಟ್ಟುವ ಈ ಮಾಡು ಬೇಸಗೆಯಲ್ಲಿ ತಂಪು; ಪೋಷಣೆಯಿದ್ದರೆ ತಲೆಮಾರುಗಳ ಕಾಲ ಬಾಳುವಂಥದು. ಆದರೆ ಕೆಲವು ವರುಷಗಳ ಹಿಂದೆ ಯಾರೋ ಅಗ್ಗದ ಉಪಾಯವೆಂದು ಅದರ ಮೇಲೆ ಸಿಮೆಂಟು ಮೆತ್ತಿದ್ದರು. ಸಿಮೆಂಟು ಬಿಸಿಲಿಗೆ ಬಿರಿಯಿತು. ಬಿರುಕಿನಲ್ಲಿ ಇಳಿದ ನೀರು ಹೊರಗೆ ಆರಲು ದಾರಿಯಿಲ್ಲದೆ ಒಳಗೇ ನಿಂತು, ಗೋಡೆಯೊಳಗೆ ಹುದುಗಿದ ಜಂತಿಯ ತುದಿಗಳನ್ನು ಕೊಳೆಯಿಸಿತು. ಒಳಗೆ ಬಾಡಿಗೆಗಿದ್ದ ವೃದ್ಧ ಉಪಾಧ್ಯಾಯ ದಂಪತಿಗಳು ಮಳೆಗಾಲದಲ್ಲಿ ನಡುಮನೆಯಲ್ಲಿ ಪಾತ್ರೆಗಳನ್ನು ಸಾಲಿಟ್ಟು ಕಾಲ ಕಳೆದಿದ್ದರಂತೆ.

ಈ ಮನೆಗೆ ವಾರಸುದಾರರು ನಾಲ್ವರು: ಇಬ್ಬರು ಅಮೇರಿಕದಲ್ಲಿ, ಒಬ್ಬರು ದೆಹಲಿಯಲ್ಲಿ, ಹಿರಿಯಕ್ಕ ಮೈಸೂರಿನಲ್ಲಿ. ಒಬ್ಬರಿಗೆ ಕೆಡವುವ ಆತುರ, ಒಬ್ಬರಿಗೆ ಉಳಿಸುವ ಆಸೆ, ಉಳಿದಿಬ್ಬರಿಗೆ ಉತ್ತರ ಬರೆಯಲು ಬಿಡುವಿಲ್ಲ. ಈ ಸಂದರ್ಭದಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರು ಮಿತ್ರರಲ್ಲಿಗೆ ಬಂದು, ಮಾರಾಟವನ್ನು ಕುದುರಿಸಿಕೊಟ್ಟರೆ ಒಳ್ಳೆಯ ಮೊತ್ತವನ್ನು ಕೊಡುವುದಾಗಿ ಹೇಳಿದರು. ಮನೆ ಸೋರುತ್ತಿದ್ದುದು ನಿಜವೇ. “ಮಾಡು ಕೆಟ್ಟಿದೆ, ಮಾರಿಬಿಡಿ” ಎಂದು ಎರಡು ಸಾಲು ಬರೆದಿದ್ದರೆ ಸಾಕಾಗಿತ್ತು. ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ.

ಮಿತ್ರರು ಹಾಗೆ ಮಾಡಲಿಲ್ಲ. ಸುಣ್ಣದ ಗಾರೆಯನ್ನು ಬಲ್ಲ ಮೇಸ್ತ್ರಿಯನ್ನು ಹುಡುಕಿಸಿ ತೋರಿಸಿದರು. ಮಾಡು ಪೂರ್ತಿಯಾಗಿ ಹೋಗಿಲ್ಲ, ಒಂದು ಮೂಲೆಯ ಜಂತಿಗಳನ್ನು ಮಾತ್ರ ಬದಲಿಸಬೇಕು ಎಂದು ಆತ ಹೇಳಿದನು. ದುರಸ್ತಿಯ ಖರ್ಚು, ಅದು ತೀರಲು ಎಷ್ಟು ತಿಂಗಳ ಬಾಡಿಗೆ ಬೇಕು, ಗುತ್ತಿಗೆದಾರರು ಮುಂದಿಟ್ಟ ಬೆಲೆ, ತಮಗೆ ಕೊಡಲು ಬಂದ ದಲ್ಲಾಳಿ ಹಣ, ಈ ನಾಲ್ಕನ್ನೂ ಒಂದೇ ಪತ್ರದಲ್ಲಿ ಬರೆದು ನಾಲ್ವರಿಗೂ ಒಂದೇ ದಿನ ಕಳುಹಿಸಿದರು. ಪತ್ರ ಹೋದ ಎಂಟು ದಿನಗಳಲ್ಲಿ ಮೈಸೂರಿನ ಅಕ್ಕ ಮಾತನಾಡಿದರಂತೆ: “ಮನೆ ಸೋರುತ್ತದೆ ಎಂಬುದನ್ನಷ್ಟೇ ತಿಳಿಸಿದ್ದರೆ ನಾವು ಹೂಂ ಎಂದು ಸಹಿ ಹಾಕಿಬಿಡುತ್ತಿದ್ದೆವು, ರಾಯರೇ. ಈಗ ಯೋಚನೆ ಮಾಡುವಂತಾಯಿತು.” ಅವರು ತಮ್ಮಂದಿರನ್ನು ಒಪ್ಪಿಸಿ, ಎಲ್ಲರ ಪರವಾಗಿ ತೀರ್ಮಾನ ಹೇಳುವ ಅಧಿಕಾರಪತ್ರವನ್ನು ಬರೆಯಿಸಿಕೊಂಡರು. ನಾವು ಹೋದ ದಿನ ಮಾಡಿನ ಮೇಲೆ ಕೆಲಸ ನಡೆಯುತ್ತಿತ್ತು. ಬೆಲ್ಲವನ್ನೂ ಅಳಲೆಕಾಯನ್ನೂ ನೆನೆಯಿಸಿದ ನೀರಿನಲ್ಲಿ ಸುಣ್ಣವನ್ನು ಕಲಸಿ, ಇಟ್ಟಿಗೆಯ ಜಲ್ಲಿಯೊಡನೆ ಬಡಿದು ಗಟ್ಟಿಮಾಡುತ್ತಿದ್ದ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಕೆಲಸ ಮುಗಿಯುವವರೆಗೆ ಉಪಾಧ್ಯಾಯರ ಬಾಡಿಗೆಯಲ್ಲಿ ಅರ್ಧವನ್ನು ಬಿಡಬೇಕೆಂಬ ಮಿತ್ರರ ಸಲಹೆಯನ್ನೂ ಅಕ್ಕ ಒಪ್ಪಿದ್ದರು.

ಇಂಥ ನಡವಳಿಕೆಯು ಬರಿಯ ಸೌಜನ್ಯವಲ್ಲ, ಕಾನೂನೂ ಅದನ್ನೇ ಹೇಳುತ್ತದೆ. ೧೮೭೨ರ ಕರಾರು ಕಾಯಿದೆಯಂತೆ ಪ್ರತಿನಿಧಿಯು ಯಜಮಾನನು ಕೇಳಿದಾಗ ಸರಿಯಾದ ಲೆಕ್ಕವನ್ನು ಒಪ್ಪಿಸತಕ್ಕದ್ದು. ಯಜಮಾನನಿಗೆ ತಿಳಿಸದೆ ಅದೇ ವ್ಯವಹಾರವನ್ನು ಸ್ವಂತಕ್ಕೆ ನಡೆಯಿಸಿ ಲಾಭ ಪಡೆದರೆ, ಆ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮಾಲೀಕನು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಬಳಿಕವೂ ಮಾಡಿಸದಿದ್ದಲ್ಲಿ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಹನ್ನೊಂದು ತಿಂಗಳ ಕರಾರು ಏಕೆ ಎಂದು ಕೇಳುವವರುಂಟು. ಒಂದು ವರುಷ ಮೀರಿದ ಗೇಣಿಪತ್ರಕ್ಕೆ ೧೯೦೮ರ ಕಾಯಿದೆಯಂತೆ ನೋಂದಣಿ ಕಡ್ಡಾಯ. ಅದರ ಖರ್ಚನ್ನು ತಪ್ಪಿಸಲು ಹುಟ್ಟಿದ ರೂಢಿಯಿದು.

ಹಿರಿಯ ಮಾಲೀಕರಲ್ಲಿ ಕೆಲವರು ಬಾಡಿಗೆಗೆ ಕೊಡುವುದಕ್ಕೇ ಅಂಜುತ್ತಾರೆ. ಅದಕ್ಕೂ ಕಾರಣವುಂಟು. ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆ ನಡೆಯುತ್ತಿದ್ದ ಕಾಲದಲ್ಲಿ ಅದಕ್ಕೆ ಒಳಪಟ್ಟ ಮನೆ ತೆರವಾದರೆ ಅಧಿಕಾರಿಗೆ ತಿಳಿಸಬೇಕಾಗಿತ್ತು. ಬಾಡಿಗೆದಾರರನ್ನು ಬಿಡಿಸುವುದೂ ಸುಲಭವಾಗಿರಲಿಲ್ಲ. ೨೦೦೧ರ ಡಿಸೆಂಬರ್ ೩೧ರಂದು ೧೯೯೯ರ ಹೊಸ ಕಾಯಿದೆ ಜಾರಿಗೆ ಬಂದರೂ ಹಳೆಯ ಭಯ ಹೋಗಿಲ್ಲ. ಬೀಗ ಹಾಕಿದ ಮನೆ ಭದ್ರವೆಂದು ಅವರು ನಂಬುತ್ತಾರೆ. ಗೆದ್ದಲು ಆ ನಂಬಿಕೆಯನ್ನು ಒಪ್ಪುವುದಿಲ್ಲ.

ಎರಡನೆಯ ದಿನವನ್ನು ಮಿತ್ರರ ಕಚೇರಿಯಲ್ಲಿ ಕಳೆದೆವು. ಅದು ಅಡ್ಡರಸ್ತೆಯೊಂದರ ಮಹಡಿಯ ಮೇಲಿನ ಒಂದೇ ಕೋಣೆ. ಮಾಲೀಕರಿಗಾಗಿ ಬಂದ ಹಣಕ್ಕೆ ಬ್ಯಾಂಕಿನಲ್ಲಿ ಬೇರೆ ಖಾತೆ. ಅವರ ಸ್ವಂತ ಹಣ ಅದರೊಡನೆ ಸೇರುವುದಿಲ್ಲ. ಪ್ರತಿ ತಿಂಗಳೂ ಗೊತ್ತಾದ ದಿನ ಪ್ರತಿಯೊಬ್ಬ ಮಾಲೀಕರಿಗೂ ಒಂದು ಪುಟದ ಲೆಕ್ಕ ಹೋಗುತ್ತದೆ: ಬಂದ ಬಾಡಿಗೆ, ರಸೀದಿಸಮೇತ ಖರ್ಚು, ತಮ್ಮ ಪಾಲು, ಉಳಿದದ್ದು. ಎಷ್ಟು ಮೊತ್ತದವರೆಗಿನ ದುರಸ್ತಿಯನ್ನು ಕೇಳದೆ ಮಾಡಿಸಬಹುದೆಂಬುದು ಮೊದಲೇ ಬರವಣಿಗೆಯಲ್ಲಿರುತ್ತದೆ. ಮಾಲೀಕರು ಪರದೇಶವಾಸಿಗಳಾಗಿದ್ದರೆ, ಬಾಡಿಗೆ ಕೊಡುವವರೇ ಆದಾಯ ತೆರಿಗೆಯನ್ನು ಕಳೆದು ಸರ್ಕಾರಕ್ಕೆ ಕಟ್ಟಬೇಕಾದುದರಿಂದ, ಆ ವಿಷಯವನ್ನು ಬಾಡಿಗೆದಾರರಿಗೆ ಒಳಬರುವ ಮುನ್ನವೇ ತಿಳಿಸುತ್ತಾರೆ.

ಕೆಲಸದಲ್ಲಿ ಅತಿ ಕಷ್ಟದ್ದು ಯಾವುದೆಂದು ಕೇಳಿದೆವು. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಲೀಕರಿಗೆ ಇಲ್ಲ ಎನ್ನುವುದು” ಎಂದರು. ಇಂಥ ಜಾತಿಯವರಿಗೇ ಕೊಡಿ, ಇಂಥವರಿಗೆ ಕೂಡದು ಎಂದು ಹೇಳುವವರು ಈಗಲೂ ಇದ್ದಾರೆ. ಅಂಥವರನ್ನು ಅವರು ಕೇಳುವುದು ಇಷ್ಟೇ: ನಿಮಗೆ ಬೇಕಾದುದು ಕಾಲಕ್ಕೆ ಬಾಡಿಗೆಯೇ, ಮನೆಯ ಚೊಕ್ಕಟವೇ, ನೆರೆಯವರ ನೆಮ್ಮದಿಯೇ? ಹಾಗಾದರೆ ಅವನ್ನೇ ಷರತ್ತಾಗಿ ಬರೆಯೋಣ. ಕೆಲವರು ಒಪ್ಪುತ್ತಾರೆ. ಒಪ್ಪದವರ ಬೀಗದಕೈಯನ್ನು ಅವರು ಹಿಂದಿರುಗಿಸಿದ್ದೂ ಉಂಟು. ಗೊಂಚಲಿನಲ್ಲಿ ಖಾಲಿಯಿದ್ದ ಎರಡು ಬಳೆಗಳನ್ನು ತೋರಿಸಿ, “ಇವು ಹಾಗೆ ಹೋದವು” ಎಂದು ನಕ್ಕರು.

ದೂರದಲ್ಲಿ ಮನೆಯುಳ್ಳ ಗೃಹಸ್ಥರಿಗೆ ಈ ಪ್ರವಾಸದಿಂದ ನಾವು ತಂದ ಮಾತು ಇದು. ಮಧ್ಯಸ್ಥರನ್ನು ಗೊತ್ತುಮಾಡುವಾಗ ಎಷ್ಟು ಹೆಚ್ಚು ಬಾಡಿಗೆ ತರಬಲ್ಲರೆಂದು ಕೇಳುವುದಕ್ಕೆ ಮೊದಲು, ಕಳೆದ ಸಲ ಕೆಟ್ಟ ಸುದ್ದಿಯನ್ನು ಯಾರಿಗೆ ಹೇಗೆ ತಿಳಿಸಿದರೆಂದು ಕೇಳಿರಿ. ಲೆಕ್ಕದ ಹಾಳೆಯನ್ನು ತಿಂಗಳು ತಿಂಗಳೂ ಓದಿರಿ. ಓದುವವರಿದ್ದಾರೆಂದು ತಿಳಿದಲ್ಲಿ ಬರೆಯುವವರ ಕೈ ನೇರವಾಗಿರುತ್ತದೆ. ವಾರಸುದಾರರು ಹಲವರಿದ್ದರೆ, ತೀರ್ಮಾನ ಹೇಳಬಲ್ಲ ಒಬ್ಬರನ್ನು ಪ್ರೀತಿಯಿರುವಾಗಲೇ ಆರಿಸಿಕೊಳ್ಳಿರಿ. ಮುಂಗಾರಿಗೆ ಮುಂಚೆ ಮಾಡಿನ ತೂಬುಗಳಲ್ಲಿ ಕಟ್ಟಿಕೊಂಡ ಎಲೆಗಳನ್ನು ತೆಗೆಯಿಸಿ, ಅದರ ಚಿತ್ರವನ್ನು ತರಿಸಿಕೊಳ್ಳುವುದನ್ನಂತೂ ಮರೆಯಬೇಡಿರಿ.