ಎರಡೂವರೆ ಮಿಲಿಮೀಟರ್ ದಾರಿ

ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ ಹಾರ್ನ್ ಸದ್ದೇ ಇಲ್ಲ. ರೈಲಿಳಿದು ಹೊರಗೆ ಬಂದರೆ ಕಿವಿಗೆ ಬೀಳುವುದು ಸೈಕಲ್ ಬೆಲ್ಲು ಮಾತ್ರ. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸುಗಳ ನಡುವೆ ನುಸುಳಿ ಪಳಗಿದವನು ನಾನು. ಇಲ್ಲಿ ಬೆನ್ನ ಹಿಂದೆ ಸದ್ದಿಲ್ಲದೆ ಬಂದುಬಿಡುವ ಸೈಕಲ್ ಅಜ್ಜಿಯರಿಗೆ ಹೆದರಿ ಗೋಡೆಗೆ ಅಂಟಿಕೊಂಡು ನಡೆಯುತ್ತೇನೆ. ಕಾಲುವೆಯ ದಂಡೆಯಲ್ಲಿ ಹಳೆಯ ಚರ್ಚು. ಅದರ ಗೋಪುರ ಸುಮಾರು ಎರಡು ಮೀಟರ್ ವಾಲಿಕೊಂಡಿದೆ. ಊರಿನವರು ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಂತಿಲ್ಲ. ಒಳಗೆ ಚಿತ್ರಕಾರ ವರ್ಮೀರನ ಸಮಾಧಿ ಹುಡುಕುವವರ ಗುಂಪು. ನಾನು ಬಂದದ್ದು ಇದೇ ಊರಿನಲ್ಲಿ, ಅದೇ 1632ರಲ್ಲಿ ಹುಟ್ಟಿ, ಇದೇ ಚರ್ಚಿನಲ್ಲಿ ಮಲಗಿರುವ ಇನ್ನೊಬ್ಬನಿಗಾಗಿ: ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವೆನ್‌ಹುಕ್.

ಈತ ಹಲ್ಲಿನ ಕೊಳೆಯಲ್ಲಿ ಓಡಾಡುವ ಜೀವಿಗಳನ್ನು ಕಂಡವನೆಂದು ಶಾಲೆಯಲ್ಲಿ ಓದಿರುತ್ತೇವೆ. ಅದಕ್ಕೂ ಮೊದಲೇ ಆತ ಹಲ್ಲಿನ ಒಳಹೊಕ್ಕಿದ್ದ ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತನ್ನದೇ ಒಂದು ಹಲ್ಲು ಕೀಳಿಸಿ, ತಾನೇ ಉಜ್ಜಿ ಮಾಡಿದ ಗಾಜಿನಡಿ ಇಟ್ಟು ನೋಡಿದ. ಕಲ್ಲಿನಂತಿದ್ದ ಹಲ್ಲಿನ ಒಳಗೆಲ್ಲ ನೆಟ್ಟಗಿನ, ಪಾರದರ್ಶಕ ಕೊಳವೆಗಳು! ಆರೇಳುನೂರು ಕೊಳವೆ ಸೇರಿದರೂ ಗಡ್ಡದ ಒಂದು ಕೂದಲಿನಷ್ಟು ದಪ್ಪವಾಗದು ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. 1678ರಲ್ಲಿ ಅದು ಅಚ್ಚಾಯಿತು. ಹಸುವಿನ ಹಲ್ಲಿನಲ್ಲಿ ಕೊಳವೆ ತುಸು ದೊಡ್ಡದು, ಮೀನಿನದರಲ್ಲಿ ತುಸು ಚಿಕ್ಕದು ಎಂದೂ ಸೇರಿಸಿದ. ಹಲ್ಲು ಕಿತ್ತರೆ ಸಾಕು, ಉಪ್ಪುನೀರು ಮುಕ್ಕಳಿಸಿ ಮುಸುಕೆಳೆದು ಮಲಗುವ ಜಾತಿ ನನ್ನದು. ಈ ಮಹಾನುಭಾವ ಕೂತು ಗಡ್ಡದ ಕೂದಲಿನ ಲೆಕ್ಕ ಹಾಕಿದ್ದಾನೆ.

ಆತ ಮಾಡಿದ ಗಾಜು ನೋಡಲು ಲೈಡನ್ನಿಗೆ ಹೋಗಬೇಕು. ರೈಲಿನಲ್ಲಿ ಹತ್ತಿರದ ಊರೇ. ನಿಲ್ದಾಣದ ಶೌಚಾಲಯದ ಬಾಗಿಲು ಕಾರ್ಡ್ ಮುಟ್ಟಿಸಿದರಷ್ಟೇ ತೆರೆಯುತ್ತದೆ. ನನ್ನ ಬ್ಯಾಂಕು ಅದೇ ಗಳಿಗೆಯಲ್ಲಿ ಫೋನಿಗೆ ಓಟಿಪಿ ಕಳಿಸುವ ಉತ್ಸಾಹ ತೋರಿಸುತ್ತದೆ. ಬೂರ್‌ಹಾವೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಆ ಸಿಟ್ಟೆಲ್ಲ ಇಳಿದುಹೋಗುತ್ತದೆ. ಇದೇನಾ ಸೂಕ್ಷ್ಮದರ್ಶಕ? ಕೊಳವೆಯಿಲ್ಲ, ಕನ್ನಡಿಯಿಲ್ಲ, ಮೇಜೂ ಬೇಡ. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಲೋಹದ ತಗಡು, ಅದರಲ್ಲೊಂದು ತೂತು, ತೂತಿನಲ್ಲಿ ಒಂದೇ ಒಂದು ಪುಟ್ಟ ಮಸೂರ, ಎದುರಿಗೆ ವಸ್ತುವನ್ನು ಚುಚ್ಚಿ ನಿಲ್ಲಿಸುವ ಸೂಜಿ. ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಬೆಳಕಿನ ಕಡೆ ನೋಡಬೇಕು, ಅಷ್ಟೆ.

ಹುಕ್ ಆಫ್ ಹಾಲೆಂಡ್‌ನಿಂದ ರಾತ್ರಿಯ ಹಡಗು. ಬೆಳಗಾಗುವಾಗ ಇಂಗ್ಲೆಂಡಿನ ಹಾರಿಚ್. ಹಡಗಿನ ಊಟದ ಪಟ್ಟಿಯಲ್ಲಿ ಸಸ್ಯಾಹಾರಿಗೆ ಸಿಕ್ಕಿದ್ದು ಆಲೂಗಡ್ಡೆಯ ಎರಡು ಅವತಾರ. ಚೀಲದಲ್ಲಿದ್ದ ಅವಲಕ್ಕಿ ಮಾನ ಉಳಿಸಿತು. ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್‌ನಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಹಂಟೇರಿಯನ್ ಮ್ಯೂಸಿಯಂ ಇದೆ. 1941ರ ಬಾಂಬ್ ದಾಳಿಯಲ್ಲಿ ಸಂಗ್ರಹದ ಬಹುಪಾಲು ನಾಶವಾಗಿ, ಉಳಿದದ್ದೇ ಇಷ್ಟೊಂದು ಎಂದರೆ ಮೊದಲು ಎಷ್ಟಿತ್ತೋ! 2023ರಲ್ಲಿ ಹೊಸದಾಗಿ ಮತ್ತೆ ತೆರೆದ ಮ್ಯೂಸಿಯಮ್ಮಿನಲ್ಲಿ ಸಾಲುಸಾಲು ಜಾಡಿಗಳು. ಹದಿನೆಂಟನೇ ಶತಮಾನದ ಶಸ್ತ್ರವೈದ್ಯ ಜಾನ್ ಹಂಟರ್ ಹುಂಜದ ಜುಟ್ಟಿನಲ್ಲಿ ಮನುಷ್ಯನ ಹಲ್ಲು ನೆಟ್ಟು ಪರೀಕ್ಷಿಸಿದವನು; ಆ ಜುಟ್ಟೂ ಈ ಸಂಗ್ರಹದಲ್ಲಿ ಉಳಿದುಕೊಂಡಿದೆ. ಕೋಳಿಗೆ ಹಲ್ಲು ಬಂದಂತೆ ಎಂದು ತಮಾಷೆಗೆ ಹೇಳಿದರೂ ನಗುವಂತಿಲ್ಲ, ಇಲ್ಲಿ ಜಾಡಿಯೇ ಸಾಕ್ಷಿ.

ಹಂಟರ್ ಮಾಡಿದ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಎಳೆಯ ಹಂದಿಗಳಿಗೆ ಮ್ಯಾಡರ್ ಬೇರು ತಿನ್ನಿಸಿದ. ಅದು ನಮ್ಮ ಆಯುರ್ವೇದದ ಮಂಜಿಷ್ಠದ ದಾಯಾದಿ, ಕೆಂಪು ಬಣ್ಣದ ಬೇರು. ಆಗ ಹೊಸದಾಗಿ ಕಟ್ಟಿಕೊಂಡ ಹಲ್ಲಿನ ಭಾಗ ಕೆಂಪಾಯಿತು, ಮೊದಲೇ ಕಟ್ಟಿದ್ದ ಭಾಗ ಬೆಳ್ಳಗೇ ಉಳಿಯಿತು. ಅಂದರೆ ಹಲ್ಲು ಪದರದ ಮೇಲೆ ಪದರವಾಗಿ ಏಳುತ್ತದೆ. 1771ರ ತನ್ನ ಹಲ್ಲಿನ ಪುಸ್ತಕದಲ್ಲಿ ಹಂಟರ್ ಇಂಥವನ್ನೆಲ್ಲ ಸೇರಿಸಿದ.

ಪದರಗಳನ್ನು ಕಣ್ಣಾರೆ ನೋಡುವ ಯೋಗ ಮರುದಿನ. ಅಕ್ಕನ ಮಗಳು ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಇಲ್ಲಿ ಓರಲ್ ಪ್ಯಾಥಾಲಜಿ ಕಲಿಯುತ್ತಿದ್ದಾಳೆ. ಅವಳ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಕನ್ನಡಕ ಹಾಕಿದರೆ ರೆಪ್ಪೆ ತಾಗುತ್ತದೆ, ತೆಗೆದರೆ ಎಲ್ಲ ಮಂಜು. "ಕಣ್ಣು ಸ್ವಲ್ಪ ಹಿಂದಕ್ಕೆ ತಗೊಳ್ರಿ ಮಾಮ" ಎಂದಾಗ ಥಟ್ಟನೆ ಬಾಗಿಲು ತೆರೆಯಿತು.

ಮೊದಲು ಗ್ರೌಂಡ್ ಸೆಕ್ಷನ್. ಒಣ ಹಲ್ಲನ್ನು ಕಲ್ಲಿನ ಮೇಲೆ ಉಜ್ಜಿ ಉಜ್ಜಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸಿದ ಬಿಲ್ಲೆ. ಮೇಲೆ ಎನಾಮಲ್. ತೂಕದಲ್ಲಿ ಶೇಕಡ 96ರಷ್ಟು ಖನಿಜ. ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ದವಡೆ ಹಲ್ಲಿನ ತುದಿಯಲ್ಲಿ ದಪ್ಪ ಸುಮಾರು ಎರಡೂವರೆ ಮಿಲಿಮೀಟರ್. ಅಷ್ಟರಲ್ಲಿ ಲಕ್ಷಗಟ್ಟಲೆ ಸಣ್ಣ ಕಡ್ಡಿಗಳು, ಒಂದೊಂದರ ಅಗಲ ಐದು ಮೈಕ್ರಾನ್ ಆಸುಪಾಸು. ನೆಟ್ಟಗೆ ಹೋಗಬಾರದೇ? ಇಲ್ಲ, ಗುಂಪು ಗುಂಪಾಗಿ ಬಳುಕಿ ಒಂದನ್ನೊಂದು ದಾಟುತ್ತವೆ. ಬಿರುಕು ಬಿಟ್ಟರೂ ಅದು ಸೀದಾ ಒಳಕ್ಕೆ ಓಡದಿರಲಿ ಎಂಬ ಏರ್ಪಾಡು. ಓರೆ ಬೆಳಕಿನಲ್ಲಿ ಈ ಬಳುಕು ಕಪ್ಪು ಬಿಳುಪು ಪಟ್ಟೆಯಾಗಿ ಕಾಣುತ್ತದೆ. ಅದರ ಹೆಸರಿನಲ್ಲಿ ನಿನ್ನೆಯ ಹಂಟರ್ ಮತ್ತೆ ಸಿಕ್ಕಿದ: ಹಂಟರ್-ಶ್ರೇಗರ್ ಪಟ್ಟೆಗಳು.

ಮಸೂರ ತಿರುಗಿಸಿ ಇನ್ನಷ್ಟು ಹತ್ತಿರ ಹೋಗುತ್ತೇವೆ. ಪ್ರತಿ ಕಡ್ಡಿಗೂ ಅಡ್ಡ ಗೆರೆ, ಸುಮಾರು ನಾಲ್ಕು ಮೈಕ್ರಾನಿಗೆ ಒಂದು. "ಒಂದು ಗೆರೆ ಅಂದ್ರೆ ಒಂದು ದಿವಸ." ಅವುಗಳ ಮೇಲೆ ಕಂದು ಬಣ್ಣದ ದೊಡ್ಡ ಗೆರೆಗಳು, ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್ ಹೆಸರಿನವು. ಬಹುಮಟ್ಟಿಗೆ ವಾರಕ್ಕೊಂದರಂತೆ ಬೀಳುತ್ತವೆ. ಮೈಲಿಗಲ್ಲು ಕಂಡ ಪ್ರಯಾಣಿಕನಿಗೆ ಲೆಕ್ಕ ಹಾಕದೆ ಇರಲಾದೀತೇ? ದಿನಕ್ಕೆ ನಾಲ್ಕು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿಗೆ 250 ದಿನ. ಎರಡೂವರೆ ಮಿಲಿಮೀಟರಿಗೆ ಒಂದೂಮುಕ್ಕಾಲು ವರ್ಷದ ನಡಿಗೆ.

ನಡೆದವರು ಯಾರು? ಅವರು ಈ ಬಿಲ್ಲೆಯಲ್ಲಿ ಇಲ್ಲ. ಎರಡನೇ ಸ್ಲೈಡ್ ಬರುತ್ತದೆ: ಆಮ್ಲದಲ್ಲಿ ನೆನೆಸಿ ಖನಿಜ ಕರಗಿಸಿ, ಕೊಯ್ದು, ಬಣ್ಣ ಹಾಕಿದ್ದು. ಗುಲಾಬಿ, ನೇರಳೆ, ಜೀವಕೋಶಗಳ ಸಂತೆ. ಆದರೆ ಎನಾಮಲ್ ಇರಬೇಕಾದ ಕಡೆ ಬರೀ ಬಯಲು! ಬಹುಪಾಲು ಖನಿಜವೇ ಆಗಿದ್ದರಿಂದ ಎಲ್ಲ ಕರಗಿ ಹೋಗಿದೆ. ಗಟ್ಟಿಯಾದದ್ದು ನೋಡಬೇಕೆಂದರೆ ಕೋಶಗಳಿಲ್ಲ, ಕೋಶ ನೋಡಬೇಕೆಂದರೆ ಗಟ್ಟಿಯಾದದ್ದಿಲ್ಲ. ಹಲ್ಲಿನ ದೇಶಕ್ಕೆ ಎರಡು ವೀಸಾ ಬೇಕು.

ನಡೆದವರು ಸಿಕ್ಕಿದ್ದು ಮೂರನೇ ಸ್ಲೈಡಿನಲ್ಲಿ. ಹಂದಿಯ ಭ್ರೂಣದ ದವಡೆ, ಅದರಲ್ಲಿ ಗಂಟೆಯ ಆಕಾರದ ಹಲ್ಲಿನ ಮೊಳಕೆ. ಮನುಷ್ಯರಲ್ಲಿ ಈ ಕೆಲಸ ಗರ್ಭದ ಆರನೇ ವಾರದ ಹೊತ್ತಿಗೇ ಶುರು. ಮೊದಲು ಮೊಗ್ಗು, ಆಮೇಲೆ ಟೊಪ್ಪಿ, ಆಮೇಲೆ ಗಂಟೆ. ಒಂದು ಗೆರೆಯ ಆಚೀಚೆ ಎರಡು ಸಾಲು ಉದ್ದನೆಯ ಕೋಶಗಳು ಎದುರುಬದುರು ನಿಂತಿವೆ. ಒಳಗಿನವು ಒಡಾಂಟೊಬ್ಲಾಸ್ಟ್, ಎನಾಮಲ್ಲಿನ ಅಡಿಯ ಪದರವಾದ ಡೆಂಟಿನ್ ಕಟ್ಟುವವು. ಹೊರಗಿನವು ಅಮೆಲೊಬ್ಲಾಸ್ಟ್, ಎನಾಮಲ್ ಕಟ್ಟುವವು. ಒಳಗಿನವು ಮೊದಲ ಪದರ ಹಾಸದೆ ಹೊರಗಿನವು ಕೆಲಸಕ್ಕೆ ಇಳಿಯುವುದಿಲ್ಲ. ಆಮೇಲೆ ಎರಡೂ ಗುಂಪು, ಅಂಗಳ ಸಾರಿಸುವವರು ಹಿಂದಕ್ಕೆ ಸರಿಯುತ್ತ ಸಾರಿಸುವಂತೆ, ಎದುರಿಗೆ ಹಾಸುತ್ತ ಹಿಂದಕ್ಕೆ ಹಿಂದಕ್ಕೆ ಹೋಗುತ್ತವೆ. ಒಂದು ಬಳಗದ ದಾರಿ ಒಳಕ್ಕೆ, ಇನ್ನೊಂದರದು ಹೊರಕ್ಕೆ. ಇಷ್ಟು ದೇಶ ಸುತ್ತಿ ಬಂದವನಿಗೆ ನಿಜವಾದ ಪ್ರವಾಸಿಗರು ಕಂಡದ್ದು ಇಲ್ಲಿ.

ಹಾಸಿದ್ದಕ್ಕೇ ಮುಗಿಯಲಿಲ್ಲ. ಅಮೆಲೊಬ್ಲಾಸ್ಟ್‌ಗಳು ತಾವೇ ಹಾಕಿದ ಪ್ರೋಟೀನನ್ನೂ ನೀರನ್ನೂ ಮತ್ತೆ ಹೀರಿ ತೆಗೆದು, ಆ ಜಾಗಕ್ಕೆ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬುತ್ತವೆ. ಹಲ್ಲು ವಸಡು ಸೀಳಿ ಬರುವಾಗ ಕಳಚಿ ಹೋಗುತ್ತವೆ. ಒಡಾಂಟೊಬ್ಲಾಸ್ಟ್‌ಗಳು ಮಾತ್ರ ಒಳಗಿನ ಮೆತ್ತನೆಯ ತಿರುಳಾದ ಪಲ್ಪ್‌ನ ಅಂಚಿನಲ್ಲಿ ಉಳಿದು, ಹಲ್ಲಿಗೆ ಜೀವವಿರುವ ತನಕ ಅಷ್ಟಿಷ್ಟು ಡೆಂಟಿನ್ ಸೇರಿಸುತ್ತಲೇ ಇರುತ್ತವೆ. ದಾರಿಯುದ್ದಕ್ಕೂ ಬಿಟ್ಟು ಬಂದ ಅವುಗಳ ಬಾಲಗಳೇ ಲೇವೆನ್‌ಹುಕ್ ಕಂಡ ಆ ಕೊಳವೆಗಳೊಳಗಿನ ಎಳೆಗಳು; 1856ರಲ್ಲಿ ಇದೇ ಲಂಡನ್ನಿನ ದಂತವೈದ್ಯ ಜಾನ್ ಟೋಮ್ಸ್ ವಿವರಿಸಿದ್ದು. ಪಲ್ಪ್‌ನ ಹತ್ತಿರ ಒಂದು ಚದರ ಮಿಲಿಮೀಟರಿನಲ್ಲಿ 45,000ಕ್ಕೂ ಹೆಚ್ಚು ಕೊಳವೆ.

ಕೊನೆಗೆ ಒಂದು ಹಾಲುಹಲ್ಲು. ಎನಾಮಲ್ಲಿನ ನಡುವೆ ಎದ್ದು ಕಾಣುವ ಒಂದು ದಪ್ಪ ಗೆರೆ. ಮಗು ಹುಟ್ಟಿದಾಗ ಬಿದ್ದದ್ದು! ಗೆರೆಯ ಒಳಗಿನದು ತಾಯ ಹೊಟ್ಟೆಯಲ್ಲಿ ಕಟ್ಟಿದ್ದು, ಹೊರಗಿನದು ಹುಟ್ಟಿದ ಮೇಲಿನದು. ನಮ್ಮ ಕಡೆ ಉದುರಿದ ಹಾಲುಹಲ್ಲನ್ನು ಸಗಣಿಯಲ್ಲಿ ಉಂಡೆ ಮಾಡಿ ಹಂಚಿನ ಮೇಲೆ ಎಸೆಯುತ್ತೇವೆ. ಇಲ್ಲಿನ ಮಕ್ಕಳು ದಿಂಬಿನಡಿ ಇಟ್ಟು ಬೆಳಿಗ್ಗೆ ನಾಣ್ಯ ಎಣಿಸುತ್ತಾರೆ. ನನ್ನ ತಲೆಮಾರಿನ ಜನ್ಮದಿನದ ದಾಖಲೆಗಳೆಲ್ಲ ಮಾಡಿನ ಮೇಲೆ ಮಳೆಗೆ ಕೊಚ್ಚಿಹೋಗಿವೆ. ಪಂಚಾಯ್ತಿಯಲ್ಲಿ ಜನನ ಪ್ರಮಾಣಪತ್ರಕ್ಕೆ ಅಲೆದದ್ದು ನೆನಪಾಗದೆ ಇರಲಿಲ್ಲ.

ಸಂಜೆ ಥೇಮ್ಸ್ ದಂಡೆಯಲ್ಲಿ ಐಸ್ ಕ್ರೀಮ್ ಕಚ್ಚಿದೆ. ಬಲಗಡೆ ಕೆಳಗಿನ ಹಲ್ಲಿನಲ್ಲಿ ಝುಮ್ಮೆಂದಿತು. ಸೊಸೆಗೆ ಇದೂ ಪಾಠವೇ. ವಸಡಿನ ಬಳಿ ಡೆಂಟಿನ್ ಬಯಲಾಗಿ, ಕೊಳವೆಗಳ ಬಾಯಿ ತೆರೆದಿದೆ. ತಣ್ಣಗಾದಾಗ ಅದರೊಳಗಿನ ದ್ರವ ಸರಕ್ಕನೆ ಸರಿದು ಒಳಗಿನ ನರವನ್ನು ಎಬ್ಬಿಸುತ್ತದೆ. ಲೇವೆನ್‌ಹುಕ್ ಕಂಡ ಕೊಳವೆಗಳು ನನ್ನ ಬಾಯಲ್ಲೇ ಕೆಲಸ ಮಾಡುತ್ತಿವೆ!

"ಬ್ರಷ್ ಹಂಗೆ ಗಸಗಸ ತಿಕ್ಕಬ್ಯಾಡ್ರಿ ಮಾಮ," ಎಂದಳು. "ಡೆಂಟಿನ್ ಕಟ್ಟೋರು ಇನ್ನೂ ಒಳಗೆ ಇದಾರೆ. ಎನಾಮಲ್ ಕಟ್ಟಿದೋರು ಹೋಗಿ ಎಷ್ಟೋ ಕಾಲ ಆತು." ದಾರಿಯಲ್ಲಿ ಸಿಕ್ಕ ಔಷಧದ ಅಂಗಡಿಯಲ್ಲಿ ಎಲ್ಲಕ್ಕಿಂತ ಮೆತ್ತನೆಯ ಬ್ರಷ್ ಕೇಳಿ ಕೊಂಡೆ. ಪೌಂಡನ್ನು ರೂಪಾಯಿಗೆ ಬದಲಿಸಿ ನೋಡಿ ಹೊಟ್ಟೆ ಉರಿದುಕೊಳ್ಳುವ ಚಟವನ್ನು ಆ ಒಂದು ಖರೀದಿಗೆ ಮಾತ್ರ ಬಿಟ್ಟಿದ್ದೆ.