ನಾಲ್ಕು ದನಿಯ ಕನ್ನಡ

ನನ್ನ ಅಜ್ಜಿ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ದೇವರ ಹತ್ತಿರ ಮಾತ್ರ. ನಮ್ಮ ಹತ್ತಿರ, ನೆರೆಮನೆಯವರ ಹತ್ತಿರ, ಬುಟ್ಟಿ ಹೊತ್ತು ಮೀನು ತರುವವಳ ಹತ್ತಿರ, ಕೊಟ್ಟಿಗೆಯ ದನದ ಹತ್ತಿರವೂ ತುಳುವೇ. ರಾತ್ರಿ ಊಟಕ್ಕೆ ಮೊದಲು ಚಾಪೆ ಹಾಸಿ ಎಲ್ಲರನ್ನೂ ಕೂರಿಸಿ ಕಣ್ಣು ಮುಚ್ಚಿದರೆ ಸಾಕು, 'ಕರ್ತನೇ' ಎಂದು ಶುರುವಾಗುವ ಪ್ರಾರ್ಥನೆ ಅಚ್ಚ ಗ್ರಂಥದ ಕನ್ನಡದಲ್ಲಿ ಹರಿಯುತ್ತಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಭಾನುವಾರ ದೇವಾಲಯದ ಗೋಡೆಯ ಮರದ ಹಲಗೆಯಲ್ಲಿ ಹಾಡಿನ ನಂಬರು ತೂಗುಹಾಕುತ್ತಿದ್ದರು. ಪಕ್ಕದವರು ಆ ನಂಬರನ್ನು ಕಿವಿಯಲ್ಲಿ ಉಸುರಿದರೆ ಅಷ್ಟೂ ಚರಣ ಅವಳ ಬಾಯಲ್ಲಿ ಇರುತ್ತಿದ್ದವು.

ಮಂಗಳೂರಿನ ಬಾಸೆಲ್ ಮಿಶನ್ ಸಭೆಗಳಲ್ಲಿ ಬೆಳೆದವರಿಗೆ ಇಂಥ ಅಜ್ಜಿಯರು ಹೊಸಬರಲ್ಲ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ, ಹಾಡಿನ ರಾಗ ಜರ್ಮನಿಯದು. 1834ರ ಅಕ್ಟೋಬರ್ ಕೊನೆಯಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರು ತಲುಪಿದಲ್ಲಿಂದ ನಮ್ಮ ಕತೆ ಆರಂಭ. 1841ರಲ್ಲಿ ಮಿಶನ್ನಿನ ಅಚ್ಚುಕೂಟ ಬಂತು. 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದ್ದು, 1894ರಲ್ಲಿ ಕಿಟೆಲರ ನಿಘಂಟು ಬಂದದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಅದೇ ಜನ ಲೂಥರನ ಕಾಲದ ರಾಗಗಳಿಗೆ ಕನ್ನಡದ ಮಾತು ಕೂರಿಸಲು ಪಟ್ಟ ಪಾಡನ್ನು ಮಾತ್ರ ಹೊರಗಿನವರು ಅಷ್ಟಾಗಿ ಗಮನಿಸಿಲ್ಲ. ಆ ರಾಗಗಳಲ್ಲಿ ಎಷ್ಟೋ ತಾಳ ಬೀಳುವ ಮುಂಚೆಯೇ ಒಂದು ಹೆಜ್ಜೆ ಇಟ್ಟು ಹೊರಡುತ್ತವೆ. ನಮ್ಮ ಮಾತಿನ ಬಲವೋ ಮೊದಲ ಅಕ್ಷರದಲ್ಲೇ ಇದೆ. ಜರ್ಮನ್ ಸಾಲು ಗಟ್ಟಿ ವ್ಯಂಜನಕ್ಕೆ ಬಂದು ನಿಂತರೆ ಕನ್ನಡದ್ದು ಸ್ವರದಲ್ಲಿ ಕರಗಿ ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಇವೆರಡರ ಎಳೆದಾಟದಿಂದ ಹುಟ್ಟಿದ, ತುಸು ನಿಧಾನದ, ಸಾಲಿನ ಕೊನೆಯಲ್ಲಿ ಬಾಗುವ ಆ ಹಾಡುಗಾರಿಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ತುಳುವಿನಲ್ಲೂ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿತ್ತು, ಕನ್ನಡ ಲಿಪಿಯಲ್ಲಿ. ತುಳು ಹಾಡುಗಳೂ ಇದ್ದವು. ಆದರೆ ನಮ್ಮ ಮನೆಯವರಿಗೆ ಭಾನುವಾರವೆಂದರೆ ಕನ್ನಡ, ಒಗೆದು ಮಡಿಸಿಟ್ಟ ಸೀರೆಯ ಹಾಗೆ.

ಇನ್ನು ನಾಲ್ಕು ದನಿ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಕ್ವಾಯರಿನವರಷ್ಟೇ ಹಾಡಿದರೆ ಅದರಲ್ಲಿ ದೊಡ್ಡದೇನಿಲ್ಲ. ನಮ್ಮಲ್ಲಿ ಬೆಂಚುಗಳೇ ಹಾಡುತ್ತಿದ್ದವು. ಹೆಂಚು ಸುಡುವ ಗೂಡಿನ ಮುಂದೆ ವಾರವಿಡೀ ನಿಂತು ಬಂದ ಗಂಡಸರು ಹಿಂದಿನ ಸಾಲಿನಿಂದ ಬೇಸ್ ಹಿಡಿಯುತ್ತಿದ್ದರು. ಅಜ್ಜಿಯದು ಆಲ್ಟೊ. ಮಳೆಗಾಲದಲ್ಲಿ ಮಾಡಿನ ಮೇಲೆ ಮಳೆ ಹೊಯ್ದು ಪಾದ್ರಿ ಅಯ್ಯನವರ ಪ್ರಸಂಗ ಒಂದು ಶಬ್ದವೂ ಕೇಳದೆ ಹೋದಾಗ ಅವರು ಸುಮ್ಮನಾಗಿ ಒಂದು ನಂಬರು ಹೇಳುವರು. ಮಳೆಗಿಂತ ಜೋರಾಗಿ ಹಾಡೇಳುತ್ತಿತ್ತು.

ಹೀಗೆ ಹಾಡಲು ಬಂದದ್ದು ಎಲ್ಲಿಂದ ಎಂದು ಬಹಳ ಸಲ ಯೋಚಿಸಿದ್ದೇನೆ. ಕ್ರೈಸ್ತರಾದವರು ಅಂದು ಮನೆ, ಗೇಣಿಯ ಗದ್ದೆ, ಕುಲಕಸುಬು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿಯಾಗಿ ಮಿಶನ್ ಮಗ್ಗ ಹಾಕಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಹೊಳೆದಂಡೆಯ ಆವೆಮಣ್ಣನ್ನು ಒಟ್ಟಿಗೆ ಹದ ಮಾಡಿದವರು, ಒಂದೇ ಗಂಟೆಗೆ ಎದ್ದು ಒಂದೇ ಗಂಟೆಗೆ ಮಲಗಿದವರು, ಸಂಜೆ ಒಂದೇ ಓಣಿಯಲ್ಲಿ ಮನೆಗೆ ನಡೆದವರು ಭಾನುವಾರ ಹಾಡಲು ನಿಂತರೆ ಒಬ್ಬನ ಉಸಿರು ಎಲ್ಲಿ ಮುಗಿಯುತ್ತದೆಂದು ಇನ್ನೊಬ್ಬನಿಗೆ ಗೊತ್ತಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸರಕಾರ ಸೆರೆಯಿಟ್ಟು ಊರಿಗೆ ಕಳಿಸಿತು, ಕಾರ್ಖಾನೆ ಕೈ ಬದಲಾಯಿತು. ಹಾಡು ನಿಲ್ಲಲಿಲ್ಲ. ಮುಂದೆ ನಮ್ಮ ಸಭೆ ದಕ್ಷಿಣ ಭಾರತ ಸಭೆಯಲ್ಲಿ ಸೇರಿತು, ಬೋರ್ಡು ಬದಲಾಯಿತು. ಆಗಲೂ ನಿಲ್ಲಲಿಲ್ಲ.

ಈಗ ನಿಲ್ಲುತ್ತಿದೆ. ಯಾರೂ ನಿಲ್ಲಿಸಿದ್ದಲ್ಲ. ತಾರಸಿ ಮನೆಗಳು ಬಂದು ಹೆಂಚು ಕೇಳುವವರಿಲ್ಲದೆ ಕಾರ್ಖಾನೆಗಳು ಒಂದೊಂದಾಗಿ ಆರಿದವು. ಮಕ್ಕಳು ಬೆಂಗಳೂರು, ದುಬೈ, ಮಸ್ಕತ್ ಸೇರಿದರು. ಇದ್ದವರ ಮಕ್ಕಳು ಕಲಿಯುವುದು ಇಂಗ್ಲಿಷಿನಲ್ಲಿ. ಕನ್ನಡದ ಪದ ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮೂಡಿದರೆ ಮಾತ್ರ ಅವರಿಗೆ ಓದಲು ಬರುತ್ತದೆ. ಗಿಟಾರು, ಡ್ರಮ್ಮು ಇವೆ, ಅವರೂ ಮನಸ್ಸಿಟ್ಟೇ ಹಾಡುತ್ತಾರೆ. ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಆದರೆ ಎಲ್ಲರೂ ಹಾಡುವುದು ಒಂದೇ ದನಿ. ಬೇರೆ ದನಿ ಹಿಡಿದು ಪಕ್ಕದವನಿಗೆ ಆಸರೆಯಾಗಲು ಪಕ್ಕದವನೊಂದಿಗೆ ವರ್ಷಗಟ್ಟಲೆ ಬದುಕಿರಬೇಕು.

ಹೋದ ಮಳೆಗಾಲ ನಮ್ಮ ಸಭೆಯ ಹಿರಿಯರೊಬ್ಬರು ತೀರಿಕೊಂಡರು. ಹಿಂದೆಲ್ಲ ಸಾವಿನ ಮನೆಯಲ್ಲಿ ರಾತ್ರಿಯಿಡೀ ಹಾಡುತ್ತಿದ್ದರು. ಪುಸ್ತಕ ಬೇಕಿರಲಿಲ್ಲ. ಹೊಗೆ ಹಿಡಿದ ಲಾಟೀನಿನ ಬೆಳಕಲ್ಲಿ ಅಂಗಳದವರು ಬೇಸ್, ಒಳಗಿನ ಹೆಂಗಸರು ಮೇಲಿನೆರಡು ದನಿ. ಅಂದು ಹತ್ತು ಹನ್ನೆರಡು ಜನ ಇದ್ದೆವು. ಯಾರೋ ಎತ್ತಿಕೊಂಡರು, ನಾನು ಟೆನರಿಗೆ ಸೇರಿದೆ. ಎರಡನೆಯ ಚರಣಕ್ಕೆ ಪದ ಕೈಕೊಟ್ಟಿತು, ಎಲ್ಲರೂ ತಡವರಿಸಿದೆವು, ಹಾಡು ಅಲ್ಲೇ ನಿಂತಿತು. ಮೂಲೆಯ ಕುರ್ಚಿಯಲ್ಲಿ ನನ್ನ ಅಜ್ಜಿಯ ಜತೆಗಾತಿ ಕೂತಿದ್ದರು. ದೇವಾಲಯದ ಬೆಂಚಿನಲ್ಲಿ ಅಜ್ಜಿಯ ಬಲಕ್ಕೆ ಕೂತು ಹಾಡುತ್ತಿದ್ದವರು. ಕಿವಿ ಮಂದ. ನಾವು ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದರು, ಆಲ್ಟೊ. ರಾಗದ ಮೇಲಿನ ದನಿ ಇಲ್ಲದೆ ಆಲ್ಟೊ ಒಂದೇ ಕೇಳಿದರೆ ಅದು ಯಾವ ಹಾಡೆಂದು ಗುರುತೇ ಸಿಗುವುದಿಲ್ಲ. ಎರಡು ಮೂರು ಸ್ವರಗಳ ನಡುವೆಯೇ ಏರಿಳಿಯುತ್ತ, ಮಿಕ್ಕ ಮೂರು ದನಿಗಾಗಿ ಸಾಲಿನ ಕೊನೆಯಲ್ಲಿ ಒಂದು ಗಳಿಗೆ ಕಾಯುತ್ತ, ಅವರು ಕೊನೆಯ ಚರಣದವರೆಗೂ ಹಾಡಿದರು.