ಅಪ್ಪ, ನಾನು ಮತ್ತು ಕಪ್ಪು ಟ್ಯಾಂಕು

ಅಮೆರಿಕದ ಆರ್‌ವಿ ಪಾರ್ಕು ನೋಡಿ ಅಪ್ಪ ಆಡಿದ ಮೊದಲ ಮಾತು: "ಇದು ನಮ್ಮ ದನಗಳ ಜಾತ್ರೆ ಕಣೋ. ದನ ಒಂದಿಲ್ಲ, ಅಷ್ಟೇ."

2018ರ ಅಕ್ಟೋಬರ್. ನಾನಾಗ ಫೀನಿಕ್ಸ್‌ನಲ್ಲಿ ಆನ್‌ಸೈಟ್ ಇದ್ದೆ. ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬಂದು, ಎರಡನೇ ತಿಂಗಳಿಗೇ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು ಹೋಗೋ ಬರೋ ಕಾರು ಎಣಿಸುವ ಹಂತಕ್ಕೆ ಬಂದಿದ್ದರು. ಗ್ರ್ಯಾಂಡ್ ಕ್ಯಾನಿಯನ್ ತೋರಿಸದೆ ಕಳಿಸಿದರೆ ಊರಲ್ಲಿ ಮರ್ಯಾದೆ ಇರಲ್ಲ. ಆದರೆ ಅಮ್ಮ ಹೊರಗಿನದು ಏನೂ ತಿನ್ನಲ್ಲ. ಒಂದು ಸಲ ಎರಡು ದಿನದ ಟ್ರಿಪ್ಪಿನಲ್ಲಿ ಬರೀ ಬಾಳೆಹಣ್ಣು, ಬ್ರೆಡ್ಡು ತಿಂದು ಕಾಲ ಹಾಕಿದ್ದಳು. "ಒಲೆ ಇರೋ ಗಾಡಿ ಸಿಗುತ್ತಲ್ಲ, ಅದನ್ನೇ ಬಾಡಿಗೆಗೆ ತಗೊಳ್ಳೋಣ" ಅಂದವಳು ನನ್ನ ಹೆಂಡತಿ.

ಹಾಗೆ ಬಂತು ಇಪ್ಪತ್ತೈದು ಅಡಿಯ ಆರ್‌ವಿ. ನೋಡದೆ ಇರೋರಿಗೆ ಹೇಳ್ತೀನಿ: ನಮ್ಮೂರ ಕಡೆ ಓಡಾಡುವ ಮಿನಿಬಸ್ಸಿನಷ್ಟು ಗಾಡಿ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ, ಹಿಂದೆ ಒಂದು ಹಾಸಿಗೆ, ನಡುವೆ ಗ್ಯಾಸ್ ಒಲೆ, ಸಿಂಕು, ಫ್ರಿಜ್ಜು, ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಕೂರಬಹುದಾದ ಟಾಯ್ಲೆಟ್ಟು. ಓಡಿಸೋಕೆ ಮಾಮೂಲಿ ಕಾರ್ ಲೈಸೆನ್ಸೇ ಸಾಕು. ಇದೊಂದು ದೊಡ್ಡ ತಪ್ಪು ಅಂತ ಮೊದಲ ತಿರುವಿನಲ್ಲೇ ನನಗೆ ಅನಿಸಿತು. ಫೀನಿಕ್ಸ್ ಇರೋದು ಸುಮಾರು ಸಾವಿರದ ನೂರು ಅಡಿ ಎತ್ತರದಲ್ಲಿ, ಫ್ಲ್ಯಾಗ್‌ಸ್ಟಾಫ್ ಏಳು ಸಾವಿರದಲ್ಲಿ. ಐ-17 ಹೆದ್ದಾರಿಯ ಏರಿನಲ್ಲಿ ನಮ್ಮ ಗಾಡಿ ಕೊಬ್ಬರಿ ಮೂಟೆ ಹೇರಿದ ಲಾರಿಯ ಹಾಗೆ ನರಳಿತು. ಅಪ್ಪ ಪಕ್ಕದ ಸೀಟಿನಲ್ಲಿ ಕೂತು "ಸೆಕೆಂಡ್ ಹಾಕು, ಸೆಕೆಂಡ್ ಹಾಕು" ಅನ್ನುತ್ತಲೇ ಇದ್ದರು. ಆಟೋಮ್ಯಾಟಿಕ್ ಗೇರು ಅಂತ ಎಷ್ಟು ಸಲ ಹೇಳೋದು.

ಮೊದಲ ರಾತ್ರಿ ವಿಲಿಯಮ್ಸ್ ಹತ್ತಿರದ ಒಂದು ಖಾಸಗಿ ಪಾರ್ಕಿನಲ್ಲಿ. ಸಾಲಾಗಿ ನಂಬರ್ ಹಾಕಿದ ಜಾಗಗಳು. ಪ್ರತಿ ಜಾಗಕ್ಕೂ ಒಂದು ಕರೆಂಟಿನ ಕಂಬ, ಒಂದು ನಲ್ಲಿ, ಒಂದು ಮರದ ಮೇಜು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ. ಅಪ್ಪ ಅದನ್ನೆಲ್ಲ ಒಂದು ಸುತ್ತು ಹಾಕಿ ನೋಡಿ ಬಂದು ಜಾತ್ರೆ ಮಾತು ಎತ್ತಿದ್ದು. ಅವರು ಚಿಕ್ಕವರಿದ್ದಾಗ ನಮ್ಮ ತಾತ ಶಿವರಾತ್ರಿ ಹೊತ್ತಿಗೆ ತಿಪಟೂರು ಕಡೆಯಿಂದ ಸಿದ್ಧಗಂಗೆಯ ದನಗಳ ಜಾತ್ರೆಗೆ ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಗಾಡಿಯಲ್ಲೇ ರಾಗಿ ಹಿಟ್ಟು, ಹುಲ್ಲು, ಪಾತ್ರೆ. ರಾತ್ರಿ ಗಾಡಿ ಅಡಿಯಲ್ಲೇ ಮಲಗೋದು, ಬೆಳಗ್ಗೆ ಮೂರು ಕಲ್ಲು ಇಟ್ಟು ಒಲೆ ಹೂಡೋದು. ಪಕ್ಕದ ಗಾಡಿಯವರು ಯಾವೂರು ಅಂತ ಕೇಳಿದ ಮೇಲೆ ಅವರ ಉಪ್ಪಿನಕಾಯಿ ಇವರಿಗೆ, ಇವರ ಚಟ್ನಿಪುಡಿ ಅವರಿಗೆ. "ಎತ್ತು ಬಿಟ್ಟು ನೊಗ ಇಳಿಸೋ ಬದಲು ಇವರು ಪ್ಲಗ್ ಚುಚ್ತಾರೆ" ಅಂದರು.

ಆ ಪ್ಲಗ್ ಚುಚ್ಚೋಕೆ ನನಗೆ ಬರಲಿಲ್ಲ. ಬಿಇ ಎಲೆಕ್ಟ್ರಾನಿಕ್ಸ್ ಓದಿದವನು ಮೂವತ್ತು ಆಂಪಿನ ಪ್ಲಗ್ಗನ್ನು ಐವತ್ತು ಆಂಪಿನ ತೂತಿಗೆ ತುರುಕುತ್ತಾ ನಿಂತಿದ್ದೆ. ಆಗ ಬಂದದ್ದು ಪಾರ್ಕಿನ ಹೋಸ್ಟ್. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಜೇಬಿನಲ್ಲಿ ಟಾರ್ಚು. ನಿಮಿಷದಲ್ಲಿ ಸರಿ ಮಾಡಿ, "ಮೈಕ್ರೋವೇವ್, ಹೀಟರ್ ಎರಡೂ ಒಟ್ಟಿಗೆ ಹಾಕಬೇಡಿ, ಟ್ರಿಪ್ ಆಗುತ್ತೆ" ಅಂತ ಹೇಳಿದ. ಅಮ್ಮ ಕೋಡುಬಳೆ ಕೊಟ್ಟಳು. ಆತ ನಮ್ಮ ಮೇಜಿನ ಬಳಿ ಕೂತು ಮೂರು ತಿಂದ. ರಿಟೈರ್ಡ್ ಸರ್ವೇಯರ್ ಅಂತೆ. ಹೆಂಡತಿಯೂ ಅವನೂ ವಾರಕ್ಕೆ ಇಷ್ಟು ಗಂಟೆ ಕೆಲಸ ಮಾಡಿಕೊಡುತ್ತಾರೆ, ಪಾರ್ಕಿನವರು ಜಾಗ, ಕರೆಂಟು ಪುಕ್ಕಟೆ ಕೊಡುತ್ತಾರೆ. ಇಂಥವರಿಗೆ ವರ್ಕ್‌ಕ್ಯಾಂಪರ್ ಅಂತಾರೆ, ಆ ದೇಶದ ತುಂಬ ಇದ್ದಾರೆ. ಅಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಅವನ ಕೈ ಹಿಡಿದು ಕುಲುಕಿದರು. ಸರ್ವೇಯರ್ ಅಂದರೆ ನಮ್ಮೂರಲ್ಲಿ ಸಾಮಾನ್ಯ ಮನುಷ್ಯನಾ?

ಹತ್ತು ಗಂಟೆ ಮೇಲೆ ಗಲಾಟೆ ಮಾಡೋ ಹಾಗಿಲ್ಲ ಅಂತ ನಿಯಮ. ಅಪ್ಪ ಹತ್ತೂವರೆಗೆ ಊರಿಗೆ ಫೋನ್ ಹಚ್ಚಿ, ಅಲ್ಲಿ ಬೆಳಗ್ಗೆ ಹನ್ನೊಂದು, ತೋಟಕ್ಕೆ ನೀರು ಬಿಟ್ರಾ ಅಂತ ಅರಿಜೋನಾಕ್ಕೆಲ್ಲ ಕೇಳುವ ಹಾಗೆ ವಿಚಾರಿಸಿದರು. ಯಾರೂ ಬಯ್ಯಲಿಲ್ಲ, ಪಕ್ಕದ ಗಾಡಿಯ ದೀಪ ಒಂದು ಸಲ ಹತ್ತಿ ಆರಿತು, ಅಷ್ಟೇ. ಆದರೆ ರಾತ್ರಿಯೆಲ್ಲ ಗೂಡ್ಸ್ ರೈಲುಗಳು ಕೂಗಿಕೊಂಡು ಹೋಗುತ್ತಿದ್ದವು. ಅದಕ್ಕೆ ನಿಯಮ ಇಲ್ಲ.

ಬೆಳಗ್ಗೆ ಅಪ್ಪ ಪಾರ್ಕಿನ ಟಾಯ್ಲೆಟ್ಟಿಗೆ ಹೋದವರು ಬೇಗನೆ ವಾಪಸ್ ಬಂದರು. ಮುಖ ಒಂಥರಾ ಆಗಿತ್ತು.

"ಆ ಸರ್ವೇಯರ್ರು... ಒಳಗೆ ಕಕ್ಕಸು ತೊಳೀತಾ ಅವ್ರೆ."

"ಹೂಂ ಅಪ್ಪ, ಅದೂ ಅವರ ಕೆಲಸಾನೇ."

ಸ್ವಲ್ಪ ಹೊತ್ತು ಬಿಟ್ಟು, "ನಿನ್ನೆ ಕೈ ಕುಲುಕ್ದೆ" ಅಂದರು. ನನ್ನ ಹೆಂಡತಿ ನಕ್ಕಳು. ನಾನು ನಗಲಿಲ್ಲ. ನಮ್ಮಪ್ಪ ಅದನ್ನು ತಮಾಷೆಗೆ ಹೇಳಿರಲಿಲ್ಲ ಅಂತ ನನಗೆ ಗೊತ್ತಿತ್ತು.

ಇಲ್ಲಿ ಕ್ಯಾನಿಯನ್ ವರ್ಣನೆ ಬಿಟ್ಟುಬಿಡ್ತೀನಿ, ಫೋಟೋ ನೀವೂ ನೋಡಿರ್ತೀರ. ಅಪ್ಪ ಐದು ನಿಮಿಷ ನೋಡಿ, ಕೆಳಗೆ ದಾರದ ಹಾಗೆ ಕಾಣುವ ಕೊಲರಾಡೊ ನದಿ ತೋರಿಸಿ "ಆ ನೀರು ಯಾರಿಗೆ?" ಅಂದರು. ಏಳು ರಾಜ್ಯಗಳು 1922ರಲ್ಲೇ ಒಪ್ಪಂದ ಮಾಡಿಕೊಂಡಿವೆ, ಇನ್ನೂ ಜಗಳ ಮುಗಿದಿಲ್ಲ ಅಂದೆ. "ಹಂಗಾದ್ರೆ ನಮ್ಮಂಗೇ" ಅಂತ ಸಮಾಧಾನವಾದರು.

ಉಳಿದುಕೊಂಡದ್ದು ಪಾರ್ಕಿನೊಳಗಿನ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ, ಎರಡು ರಾತ್ರಿ. ಪೈನ್ ಮರಗಳ ನಡುವೆ ಜಾಗ. ಕರೆಂಟಿಲ್ಲ, ನೀರಿನ ಕನೆಕ್ಷನ್ ಇಲ್ಲ, ಗಾಡಿಯ ಹೊಟ್ಟೆಯಲ್ಲಿ ಎಷ್ಟಿದೆಯೋ ಅಷ್ಟೇ. ಎಲ್ಕ್‌ಗಳು, ನಮ್ಮ ಕಡವೆಯ ದೊಡ್ಡಣ್ಣ ಅನ್ನಿ, ಬೆಳಗ್ಗೆ ಗಾಡಿಗಳ ಮಧ್ಯೆ ಸಂತೆಗೆ ಬಂದವರ ಹಾಗೆ ಓಡಾಡುತ್ತವೆ. ನೂರು ಅಡಿ ದೂರ ಇರಬೇಕು ಅಂತ ಬೋರ್ಡು. ಎಲ್ಕ್‌ಗೆ ಓದಲು ಬರಲ್ಲ. ಚಳಿಗೆ ಬೆಂಕಿ ಹಾಕಿ, ಅಮ್ಮ ಮುದ್ದೆ ತಿರುವಿ, ಹುರುಳಿ ಸಾರು ಮಾಡಿ, ಒಗ್ಗರಣೆ ಹೊಗೆಗೆ ಸ್ಮೋಕ್ ಅಲಾರಂ ಹೊಡೆದುಕೊಂಡು... ಅಪ್ಪ ಆ ಎರಡು ದಿನ ಎಷ್ಟು ಖುಷಿಯಾಗಿದ್ದರು ಅಂದರೆ, ಫೀನಿಕ್ಸಿನ ಬಾಲ್ಕನಿಯ ಮನುಷ್ಯ ಇವರೇನಾ ಅನಿಸಿತು.

ಮೂರನೇ ಬೆಳಗ್ಗೆ ಒಳಗಿನ ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿತು. ಬ್ಲ್ಯಾಕ್ ಟ್ಯಾಂಕ್ ಫುಲ್.

ಆರ್‌ವಿಯಲ್ಲಿ ಮೂರು ಟ್ಯಾಂಕು. ಒಂದರಲ್ಲಿ ಒಳ್ಳೇ ನೀರು. ಸಿಂಕಿನದು, ಸ್ನಾನದ್ದು ಹೋಗೋದು ಗ್ರೇ ಟ್ಯಾಂಕಿಗೆ. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕಿಗೆ. ತುಂಬಿದಾಗ ಡಂಪ್ ಸ್ಟೇಷನ್ನಿಗೆ ಹೋಗಿ, ಗಾಡಿಯ ಪಕ್ಕೆಗೆ ದಪ್ಪ ಸುರುಳಿ ಪೈಪು ಸಿಕ್ಕಿಸಿ, ಇನ್ನೊಂದು ತುದಿ ನೆಲದ ತೂತಿಗೆ ಇಟ್ಟು, ಮೊದಲು ಬ್ಲ್ಯಾಕಿನ ವಾಲ್ವ್ ಎಳೆಯಬೇಕು. ಅದು ಖಾಲಿಯಾದ ಮೇಲೆ ಗ್ರೇ, ಆ ಸೋಪಿನ ನೀರು ಪೈಪನ್ನೂ ತೊಳೆಯುತ್ತದೆ. ತಲೆ ಇರೋರು ಮಾಡಿದ ಡಿಸೈನು. ಬಾಡಿಗೆ ಕೊಟ್ಟವರು ವಿಡಿಯೋದಲ್ಲಿ ಇದನ್ನೆಲ್ಲ ತೋರಿಸಿದ್ದರು. ನಾನು ಆಗ ಆಫೀಸಿನ ಮೆಸೇಜಿಗೆ ಉತ್ತರ ಕುಟ್ಟುತ್ತಿದ್ದೆ.

ನಮ್ಮ ಹಿಂದೆ ಐದು ಗಾಡಿಗಳ ಕ್ಯೂ. ಗ್ಲೌಸ್ ಹಾಕಿಕೊಂಡು ಬಗ್ಗಿ ಮುಚ್ಚಳ ತಿರುಗಿಸಿದೆ. ಒಳಗಿನ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ. ಒಂದು ಚೊಂಬಿನಷ್ಟು ಸೀದಾ ನನ್ನ ಕೈ, ಪ್ಯಾಂಟು, ಶೂ ಮೇಲೆ.

ತಲೆ ಎತ್ತಿದರೆ ಎದುರಿಗೆ ಅಪ್ಪ. ಅವರು ನನ್ನನ್ನು ನೋಡುತ್ತಿದ್ದ ರೀತಿ ನಾನು ಹಿಂದೆ ಒಂದೇ ಒಂದು ಸಲ ನೋಡಿದ್ದೆ.

ನಾನು ಪಿಯುಸಿ ಓದುವಾಗ. ಅಜ್ಜಿಗೆ ಹೊಲಕ್ಕೆ ಹೋಗೋಕೆ ಆಗಲ್ಲ ಅಂತ ಹಿತ್ತಲಲ್ಲಿ ಕಕ್ಕಸು ಕಟ್ಟಿಸಿದ್ದೆವು. ಗುಂಡಿ ತುಂಬಿತು. ಕತ್ತಲಾದ ಮೇಲೆ ಕೇರಿಯಿಂದ ಒಬ್ಬ ಬಂದ. ಮೊದಲು ಕುಡಿದುಕೊಂಡೇ ಬಂದಿದ್ದ, ಇಲ್ಲದಿದ್ದರೆ ಇಳಿಯೋಕಾಗಲ್ಲ. ಗ್ಲೌಸ್ ಇಲ್ಲ, ಪೈಪ್ ಇಲ್ಲ, ಒಂದು ಬಕೆಟ್ಟು, ಹಗ್ಗ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಮುಗಿಸಿದ ಮೇಲೆ ಅಪ್ಪ ದುಡ್ಡನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದರು, ಅವನು ಎತ್ತಿಕೊಂಡ. ಕುಡಿಯೋಕೆ ನೀರು ಕೇಳಿದ. ಅಮ್ಮ ಮೇಲಿಂದ ಬೊಗಸೆಗೆ ಹೊಯ್ದಳು. ಆಗ ಅಪ್ಪನ ಮುಖದಲ್ಲಿ ಅಸಹ್ಯ ಇರಲಿಲ್ಲ, ಸುಳ್ಳು ಹೇಳಬಾರದು. ಬೇಗ ಮುಗಿದು ಅವನು ಹೋದರೆ ಸಾಕು ಅನ್ನುವ ಮುಖ. ಅದೇ ಮುಖ ಈಗ ನನ್ನ ಮೇಲೆ.

ಹಿಂದಿನ ಗಾಡಿಯ ಹೆಂಗಸು ಇಳಿದು ಬಂದಳು. ಎಪ್ಪತ್ತು ದಾಟಿರಬಹುದು, ತುಟಿಗೆ ಲಿಪ್‌ಸ್ಟಿಕ್ಕು, ಕೈಗೆ ಉದ್ದನೆಯ ಗ್ಲೌಸು. ನನ್ನ ಅವಸ್ಥೆ ನೋಡಿ "ನನಗೆ ಮೊದಲ ಸಲ ತಲೆವರೆಗೂ ಸಿಡಿದಿತ್ತು" ಅಂದಳು. ಪಕ್ಕ ಬಗ್ಗಿ ವಾಲ್ವ್ ಒತ್ತಿ ಮುಚ್ಚಿ, ಪೈಪಿನ ಕಿವಿ ತಿರುಗಿಸಿ ಲಾಕ್ ಮಾಡೋದು ತೋರಿಸಿ, ಈಗ ಎಳಿ ಅಂದಳು. ಟೀಚರ್ ಆಗಿದ್ದವಳಂತೆ. ಗಂಡ ಸತ್ತ ಮೇಲೆ ಮನೆ ಮಾರಿ ಟ್ರೇಲರಿನಲ್ಲೇ ಇದ್ದಾಳೆ. ಚಳಿಗಾಲಕ್ಕೆ ಕ್ವಾರ್ಟ್ಸ್‌ಸೈಟ್ ಅನ್ನೋ ಮರುಭೂಮಿ ಊರಿಗೆ ಹೋಗುತ್ತಾಳೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಆಗ 180 ಡಾಲರ್ ಕಟ್ಟಿದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಏಳು ತಿಂಗಳು ಇರಬಹುದಿತ್ತು. "ನೊಮ್ಯಾಡ್‌ಲ್ಯಾಂಡ್" ಸಿನಿಮಾ ನೋಡಿದವರಿಗೆ ಈ ಲೋಕ ಗೊತ್ತಿರುತ್ತದೆ. ನಾನು ಅದನ್ನು ನೋಡಿದ್ದು ಮೂರು ವರ್ಷ ಆದಮೇಲೆ, ನೋಡುವಾಗ ಆ ಲಿಪ್‌ಸ್ಟಿಕ್ ನೆನಪಾಯಿತು. ಶೋಕಿಗೆ ಊರೂರು ತಿರುಗೋರ ಜೊತೆಗೇ, ಬಾಡಿಗೆ ಕಟ್ಟೋಕಾಗದೆ ಗಾಡಿಗೆ ಬಂದವರೂ ಆ ಪಾರ್ಕುಗಳಲ್ಲಿ ಇದ್ದಾರೆ. ಅವಳು ಯಾವ ಪೈಕಿ ಅಂತ ನಾನು ಕೇಳಲಿಲ್ಲ.

ಅಷ್ಟರಲ್ಲಿ ಅಪ್ಪ ಮುಂದೆ ಬಂದು ತೊಳೆಯೋ ನೀರಿನ ಪೈಪು ಎತ್ತಿಕೊಂಡು ನನ್ನ ಕಾಲ ಮೇಲೆ ಬಿಟ್ಟರು. ಕೈ ಮೇಲೂ ಬಿಟ್ಟರು, ದೂರದಿಂದ. "ಸ್ನಾನ ಮಾಡ್ಕಂಡು ಗಾಡಿ ಹತ್ತು" ಅಂದರು. ನನಗೆ ಸಿಟ್ಟು ಬಂತು. "ನಾನೇನು ಮೈಲಿಗೆ ಆದ್ನಾ ಅಪ್ಪ? ಅದರಲ್ಲಿ ನಿಮ್ಮದೂ ಇದೆ" ಅಂದುಬಿಟ್ಟೆ. ಅಪ್ಪನಿಗೆ ಆ ಥರ ಮಾತಾಡಿದ್ದು ಅದೇ ಮೊದಲು. ಅವರು ಏನೂ ಅನ್ನಲಿಲ್ಲ. ಶವರಿನ ಪೆಟ್ಟಿಗೆಗೆ ಹಾಕೋಕೆ ನನ್ನ ಹತ್ತಿರ ನಾಣ್ಯ ಇರಲಿಲ್ಲ, ಆ ಟೀಚರಮ್ಮನೇ ಕ್ವಾರ್ಟರುಗಳನ್ನು ಕೊಟ್ಟಳು, ಕೈಯಿಂದ ಕೈಗೆ.

ವಾಪಸ್ ಬರುವ ದಾರಿಯಲ್ಲಿ ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಫ್ಲ್ಯಾಗ್‌ಸ್ಟಾಫ್ ದಾಟಿದ ಮೇಲೆ ಅಪ್ಪ ಕಿಟಕಿ ಕಡೆ ನೋಡುತ್ತಾ ಹೇಳಿದರು, "ಅವತ್ತು ಗುಂಡಿಗೆ ಬಂದಿದ್ನಲ್ಲ, ನಾನೂ ಅವ್ನೂ ಒಂದೇ ಕ್ಲಾಸು ಕಣೋ. ನಾಲ್ಕನೇ ಕ್ಲಾಸ್ವರ್ಗೂ. ಲೆಕ್ಕದಲ್ಲಿ ನನಗಿಂತ ಚೂಟಿ ಇದ್ದ." ಹೆಸರೂ ಹೇಳಿದರು. ಅದುವರೆಗೂ ಅವನಿಗೊಂದು ಹೆಸರಿದೆ ಅಂತಲೂ ನನಗೆ ಹೊಳೆದಿರಲಿಲ್ಲ. ಎಲ್ಲಿದ್ದಾನೆ ಅಂತ ಕೇಳಿದೆ. ಸತ್ತು ಆರು ವರ್ಷ ಆಯಿತು ಅಂದರು.

ನಾನೇನೋ ದೊಡ್ಡವನಾದೆ ಅಂದುಕೊಳ್ಳಬೇಡಿ. ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ವರ್ಷ ಆಯಿತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎಸ್‌ಟಿಪಿ ಇದೆ. ವಾಸನೆ ಬಂದರೆ ಗ್ರೂಪಿನಲ್ಲಿ ದೂರು ಹಾಕೋರಲ್ಲಿ ನಾನೂ ಒಬ್ಬ. ಅದನ್ನು ನೋಡಿಕೊಳ್ಳುವ ಹುಡುಗ ರಾಯಚೂರು ಕಡೆಯವನು ಅಂತ ಗೊತ್ತಾಗೋಕೆ ನನಗೆ ಎರಡು ವರ್ಷ ಬೇಕಾಯಿತು. ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಆದರೂ ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಅದನ್ನು ಓದಿ ಪುಟ ತಿರುಗಿಸ್ತೀನಿ.

ಹೋದ ತಿಂಗಳು ಊರಲ್ಲಿ ಮತ್ತೆ ಗುಂಡಿ ತುಂಬಿತು. ಈಗ ತಿಪಟೂರಿನಿಂದ ಟ್ಯಾಂಕರ್ ಬರುತ್ತೆ, ಪೈಪು ಬಿಟ್ಟು ಎಳೆದುಕೊಂಡು ಹೋಗುತ್ತೆ. ಅಪ್ಪ ಫೋನಿನಲ್ಲಿ ಅದರ ವರದಿ ಒಪ್ಪಿಸಿದರು. ಇಬ್ಬರು ಹುಡುಗರು ಬಂದಿದ್ದರು, ಗ್ಲೌಸ್ ಇರಲಿಲ್ಲ, ನಾನೇ ಒಂದು ಜೊತೆ ತರಿಸಿಕೊಟ್ಟೆ, ಇನ್ನೊಂದು ಸಿಗಲಿಲ್ಲ ಅಂದರು.

"ಕಾಫಿ ಕೊಟ್ರಾ?"

"ಕೊಡದೆ ಇರ್ತೀವಾ."

"ಯಾವ ಲೋಟದಲ್ಲಿ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಪೇಪರ್ ಲೋಟ" ಅಂದರು, ಫೋನು ಅಮ್ಮನ ಕೈಗೆ ಕೊಟ್ಟರು.

ನಮ್ಮನೆಗೆ ಪೇಪರ್ ಲೋಟ ಎಲ್ಲಿಂದ ಬಂತು ಅಂತ ಅಮ್ಮನನ್ನು ಕೇಳಿದೆ. "ಅವ್ರೇ ಹಿಂದಿನ ದಿನ ಪ್ಯಾಟೆಯಿಂದ ಒಂದು ಕಟ್ಟು ತಂದಿದ್ರಪ್ಪ. ಜಗಲಿ ಮೇಲೆ ಆ ಹುಡುಗ್ರ ಜೊತೆ ಕೂತ್ಕಂಡು, ಅವ್ರೂ ಅದ್ರಲ್ಲೇ ಕುಡುದ್ರು. ಸ್ಟೀಲ್ ಲೋಟ ಕೊಡ್ಲಾ ಅಂದ್ರೆ ಬ್ಯಾಡ ಅಂದ್ರು" ಅಂದಳು.